ಬೋಟಿನ ಪೂಜೆಯ ಕಾಯಿಚೂರು: ಕಾರವಾರದ ಒಂದು ಸಭೆಯ ಪ್ರಕರಣ

ಕಾರವಾರದ ಹತ್ತಿರದ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ ನಡೆದ ಪ್ರಕರಣ ಇದು. ಸಭೆಯ ಹೆಸರು ಹೇಳುವುದಿಲ್ಲ, ಜನರ ಹೆಸರೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಆದರೆ ಜಗಳ ಹೇಗೆ ಹುಟ್ಟಿತು, ಯಾರು ಏನು ಅಂದರು, ಎಲ್ಲಿಗೆ ಬಂದು ನಿಂತಿತು ಅನ್ನುವುದನ್ನು ಹಿರಿಯರ ಜೊತೆ ಕೂತು ಕೇಳಿದವನಾಗಿ ಬರೆಯುತ್ತಿದ್ದೇನೆ. ನಮ್ಮ ಕರಾವಳಿಯ ಎಷ್ಟೋ ಸಭೆಗಳಲ್ಲಿ ಇಂಥದ್ದು ಇದೆ. ಒಂದು ಕಡೆ ಹೆಂಗಸರು ಮಲ್ಲಿಗೆ ಮುಡಿಯಬಹುದಾ ಅಂತ, ಇನ್ನೊಂದು ಕಡೆ ಬಂಗಾರ ಹಾಕಬಹುದಾ ಅಂತ, ಮತ್ತೊಂದು ಕಡೆ ಭಾನುವಾರ ಅಂಗಡಿ ತೆರೆಯಬಹುದಾ ಅಂತ. ಇಲ್ಲಿ ಅದು ಬಂದದ್ದು ತೆಂಗಿನಕಾಯಿ ಚೂರಿನ ರೂಪದಲ್ಲಿ.

ಘಟ್ಟದ ಮೇಲಿನವರಿಗೆ ಸ್ವಲ್ಪ ಹಿನ್ನೆಲೆ ಬೇಕು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗಸ್ಟಿನಲ್ಲಿ ಸೀಸನ್ ಶುರು. ಅದೇ ಸುಮಾರಿಗೆ ಶ್ರಾವಣದ ನೂಲು ಹುಣ್ಣಿಮೆ ಬರುತ್ತದೆ. ಅವತ್ತು ಮೀನುಗಾರರು ಸಮುದ್ರಕ್ಕೆ ಪೂಜೆ ಮಾಡಿ ತೆಂಗಿನಕಾಯಿ ಬಿಡುತ್ತಾರೆ. ಬೋಟಿಗೆ ಹೂವಿನ ಮಾಲೆ, ಕುಂಕುಮ, ಊದುಬತ್ತಿ. ಒಂದು ಕಾಯಿ ನೀರಿಗೆ, ಇನ್ನೊಂದನ್ನು ಒಡೆದು ಚೂರು ಮಾಡಿ ಬೋಟಿನ ಎಲ್ಲರ ಕೈಗೆ. ಬೋಟಿನಲ್ಲಿ ದುಡಿಯುವವನಿಗೆ ಇದು ಬೇರೆ ಯಾರದೋ ಮನೆಯ ಹಬ್ಬ ಅಲ್ಲ. ಎರಡು ತಿಂಗಳು ಕೈ ಖಾಲಿ ಇದ್ದವನಿಗೆ ಸಂಪಾದನೆ ಮತ್ತೆ ಶುರುವಾಗುವ ದಿನ ಅದು. ಅವನ ಪಾಲು, ಅವನ ಸಾಲ, ಮಕ್ಕಳ ಫೀಸು ಎಲ್ಲ ಆ ಬೋಟಿನ ಮೇಲೇ ನಿಂತಿದೆ.

ಅಂಥ ಒಂದು ಬೋಟಿನಲ್ಲಿ ನಮ್ಮ ಸಭೆಯ ಇಬ್ಬರಿದ್ದರು. ಒಬ್ಬರು ತಾಂಡೇಲರು. ಬೋಟು ನಡೆಸುವವರು, ವಯಸ್ಸು ಐವತ್ತು ದಾಟಿದೆ, ಅಜ್ಜನ ಕಾಲದಿಂದ ಕ್ರೈಸ್ತ ಕುಟುಂಬ. ಇನ್ನೊಬ್ಬ ಇಪ್ಪತ್ತರ ಹರೆಯದ ಹುಡುಗ. ಅವನ ಮನೆಯಲ್ಲಿ ವಿಶ್ವಾಸಕ್ಕೆ ಬಂದವನು ಅವನೊಬ್ಬನೇ, ದೀಕ್ಷಾಸ್ನಾನ ಆಗಿ ಜಾಸ್ತಿ ಕಾಲ ಆಗಿರಲಿಲ್ಲ. ಅದಕ್ಕೆ ಮುಂಚೆ ಅಪ್ಪನ ಪಾತಿ ದೋಣಿಯಲ್ಲಿ ಪ್ರತಿ ವರ್ಷ ಪೂಜೆಯ ತಟ್ಟೆ ಹಿಡಿದು ನಿಲ್ಲುತ್ತಿದ್ದವನು ಇವನೇ.

ಪೂಜೆ ಆಯಿತು. ಬೋಟಿನ ಒಡೆಯರಾದ ಸಾವ್ಕಾರರು ಕಾಯಿಚೂರು ಹಂಚಿದರು. ತಾಂಡೇಲರು ಕೈ ಮುಗಿಯಲಿಲ್ಲ, ಕುಂಕುಮ ಹಚ್ಚಿಕೊಳ್ಳಲಿಲ್ಲ, ಅದು ಸಾವ್ಕಾರರಿಗೂ ಮೊದಲಿಂದ ಗೊತ್ತು. ಚೂರು ಕೊಟ್ಟಾಗ ತೆಗೆದುಕೊಂಡು ತಿಂದರು. ಹುಡುಗ ಅವರನ್ನು ನೋಡಿದ. ತಾನೂ ತಿಂದ.

ಅಷ್ಟೇ ನಡೆದದ್ದು. ಮುಂದಿನದ್ದೆಲ್ಲ ಹುಡುಗನ ಒಳಗೆ ನಡೆಯಿತು, ಹಾಗಾಗಿ ಕೆಲವು ವಾರ ಯಾರಿಗೂ ಗೊತ್ತಾಗಲಿಲ್ಲ. ಮೊದಲು ಅವನು ಪ್ರಾರ್ಥನಾ ಕೂಟಕ್ಕೆ ಬರುವುದು ಬಿಟ್ಟ. ಭಾನುವಾರ ಬಂದರೂ ಹಿಂದಿನ ಬೆಂಚಿನಲ್ಲಿ ಕೂತು ಮುಗಿಯುವ ಮುಂಚೆ ಎದ್ದು ಹೋಗುತ್ತಿದ್ದ. ಕರ್ತನ ಭೋಜನದ ದಿನ, ಅಂದರೆ ಯೇಸುವಿನ ನೆನಪಿಗೆ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ದಿನ, ರೊಟ್ಟಿ ಮುಟ್ಟಲಿಲ್ಲ. ಕೊನೆಗೆ ತಾಂಡೇಲರೇ ಅವನನ್ನು ಬೋಟು ನಿಲ್ಲುವ ಧಕ್ಕೆಯಲ್ಲಿ ತಡೆದು ಏನಾಯ್ತೋ ಅಂತ ಕೇಳಿದಾಗ ಹೇಳಿದ್ದು ಇದು: "ಮಾಮ, ನೀವು ತಿಂದ್ರಿ, ಅದಕ್ಕೇ ನಾನೂ ತಿಂದೆ. ನಿಮಗೆ ಅದು ಬರೀ ಕಾಯಿ. ನನಗೆ ಅಲ್ಲ."

ಆಮೇಲೆ ಬಿಡಿಸಿ ಹೇಳಿದ. ಮೊದಲ ಟ್ರಿಪ್ಪಿನಲ್ಲಿ ಬಲೆ ಖಾಲಿ ಬಂತು. ದೇವರು ತನಗೆ ಶಿಕ್ಷೆ ಕೊಟ್ಟ ಅಂದುಕೊಂಡ. ಅದರ ಮುಂದಿನ ಸಲ ಬಂಗಡೆ ಚೆನ್ನಾಗಿ ಬಿತ್ತು. ಆಗ ಅವನಿಗೆ ಇನ್ನೂ ಜಾಸ್ತಿ ಭಯ ಆಯಿತು. ಹಾಗಾದರೆ ಸಮುದ್ರಕ್ಕೆ ಬಿಟ್ಟ ಕಾಯಿ ಕೆಲಸ ಮಾಡಿತಾ, ಅಪ್ಪ ಹೇಳುತ್ತಿದ್ದದ್ದೇ ಸರಿನಾ ಅಂತ. ಚಿಕ್ಕಂದಿನಿಂದ ಅವನು ಕೇಳಿದ್ದು ಒಂದೇ ಮಾತು: ಕಡಲಿಗೆ ಕೊಡಬೇಕಾದ್ದು ಕೊಡದಿದ್ದರೆ ಕಡಲು ಮನೆಯವರನ್ನೇ ತೆಗೆದುಕೊಳ್ಳುತ್ತದೆ. ಆ ಭಯ ಬಿಡಿಸಿಕೊಂಡು ಯೇಸುವಿನ ಹತ್ತಿರ ಬಂದಿದ್ದ. ಒಂದು ಚೂರು ತಿಂದದ್ದೇ, ಅದೇ ಭಯಕ್ಕೆ ವಾಪಸ್ ಸಿಕ್ಕಿಹಾಕಿಕೊಂಡ.

ಬೈಬಲಿನಲ್ಲಿ ಅಪೊಸ್ತಲ ಪೌಲನು ಗ್ರೀಸಿನ ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರದ ಎಂಟನೆಯ ಅಧ್ಯಾಯ ತೆರೆದರೆ ಈ ಹುಡುಗ ಅಲ್ಲಿ ಕಾಣುತ್ತಾನೆ. ಕೆಲವರು ಇವತ್ತಿನವರೆಗೂ ವಿಗ್ರಹದ ರೂಢಿಯಲ್ಲಿದ್ದ ಕಾರಣ, ಆ ಪದಾರ್ಥವನ್ನು ವಿಗ್ರಹಕ್ಕೆ ಸಂಬಂಧಪಟ್ಟದ್ದು ಅಂತಲೇ ತಿನ್ನುತ್ತಾರೆ, ಬಲವಿಲ್ಲದ ಅವರ ಮನಸ್ಸಾಕ್ಷಿ ಕೆಡುತ್ತದೆ ಅನ್ನುತ್ತಾನೆ ಪೌಲ. ತಿಳಿವಳಿಕೆ ಇರುವ ನೀನು ತಿನ್ನುವುದನ್ನು ನೋಡಿ ಅವನಿಗೂ ತಿನ್ನುವ ಧೈರ್ಯ ಬರುತ್ತದೆ, ಆ ಧೈರ್ಯದಿಂದಲೇ ಅವನು ಹಾಳಾಗುತ್ತಾನೆ ಅನ್ನುತ್ತಾನೆ. ಕೊರಿಂಥವೂ ನಮ್ಮ ಹಾಗೆ ಬಂದರಿನ ಊರೇ. ಲೆಖೇಯೋನ್, ಕೆಂಖ್ರೆ ಅಂತ ಎರಡು ಕಡೆ ಎರಡು ಬಂದರು, ಹತ್ತಿರದ ಇಸ್ತ್ಮಿಯದಲ್ಲಿ ಸಮುದ್ರ ದೇವರಾದ ಪೊಸೈಡನ್‌ನ ದೊಡ್ಡ ಗುಡಿ. ಸುಮಾರು ಕ್ರಿ.ಶ. 55ರಲ್ಲಿ ಆ ಪತ್ರ ಓದಿಸಿಕೊಂಡವರಲ್ಲಿ ಹಡಗಿನ ಕೂಲಿಗಳೂ ಇದ್ದಿರಬೇಕು. ಇದು ನನ್ನ ಊಹೆ, ಆದರೆ ದೂರದ ಊಹೆ ಅಲ್ಲ.

ವಿಷಯ ಸಭೆಗೆ ಬಂತು. ಬಂದ ಮೇಲೆ ಹುಡುಗನ ಮಾತು ಹಿಂದೆ ಬಿದ್ದು ಬೇರೆಯದೇ ಮುಂದೆ ಬಂತು.

ನಮ್ಮಲ್ಲಿ ಒಬ್ಬರು ಹಿರಿಯರಿದ್ದಾರೆ, ಸರಕಾರಿ ನೌಕರಿಯಿಂದ ನಿವೃತ್ತರು. ಅವರು ಎದ್ದು ನಿಂತು ಒಂದು ನಿಯಮ ಮಾಡಲೇಬೇಕು ಅಂದರು. ಯಾವ ವಿಶ್ವಾಸಿಯೂ ಯಾವ ಪೂಜೆಯ ಯಾವ ಪದಾರ್ಥವನ್ನೂ ತಿನ್ನಕೂಡದು. ಬೋಟಿನ ಕಾಯಿಯಿರಲಿ, ಪಕ್ಕದ ಮನೆಯ ಚೌತಿಯ ಮೋದಕವಿರಲಿ, ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆಗೆ ವ್ಯಾಪಾರಕ್ಕೆ ಹೋದವರು ತಂದದ್ದಿರಲಿ. ತಿಂದವರಿಗೆ ಕರ್ತನ ಭೋಜನ ಇಲ್ಲ. ಅವರ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಬೈಬಲಿನ ಅಪೊಸ್ತಲರ ಕೃತ್ಯಗಳ ಹದಿನೈದನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಸಭೆಯೇ ವಿಗ್ರಹಕ್ಕೆ ಒಪ್ಪಿಸಿದ್ದನ್ನು ಬಿಡಿರಿ ಅಂತ ಬರೆದು ಕಳಿಸಿದೆ. ಪ್ರಕಟನೆ ಪುಸ್ತಕದ ಎರಡನೆಯ ಅಧ್ಯಾಯದಲ್ಲಿ ಪೆರ್ಗಮ ಮತ್ತು ಥುವತೈರದ ಸಭೆಗಳಿಗೆ ಇದೇ ವಿಷಯಕ್ಕೆ ಗದರಿಕೆ ಬಿದ್ದಿದೆ. ಅವರು ಎರಡನ್ನೂ ಓದಿ ತೋರಿಸಿದರು. ಇನ್ನೂ ಒಂದು ಮಾತು ಇಲ್ಲಿ ಹೇಳಲೇಬೇಕು. ವಿಶ್ವಾಸಕ್ಕೆ ಬಂದಾಗ ಅವರನ್ನು ಮನೆಯಿಂದ ಹೊರಗೆ ಹಾಕಿದ್ದರು. ಅಣ್ಣತಮ್ಮಂದಿರ ಜೊತೆ ಆಸ್ತಿಯ ಪಾಲು ಹೋಯಿತು, ತಾಯಿ ತೀರಿಕೊಂಡಾಗ ಹತ್ತಿರ ಬಿಡಲಿಲ್ಲ. ಆಗ ಅವರು ಪ್ರಸಾದ ಬೇಡ ಅಂದದ್ದಕ್ಕೇ ಇಷ್ಟೆಲ್ಲ ಆದದ್ದು. ಅಷ್ಟು ಕಳೆದುಕೊಂಡು ಬಂದವರ ಎದುರು ಇದೇನು ಮಹಾ ವಿಷಯ ಅಂತ ಯಾರೂ ಹಗುರಾಗಿ ಅನ್ನಬಾರದು.

ತಾಂಡೇಲರಿಗೆ ಸಿಟ್ಟು ಬಂತು. "ಸಾವ್ಕಾರರು ಕ್ರಿಸ್ಮಸ್ಸಿಗೆ ನಮ್ಮ ಮನೆಗೆ ಬಂದು ನೇವರಿ ತಿಂತಾರೆ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಗಾಡಿ ಮಾಡಿ ಕಳಿಸಿದವರು ಅವರು. ಪ್ರೀತಿಯಿಂದ ಕೊಟ್ಟ ಚೂರನ್ನು ನಾನು ಎಸೀಬೇಕಾ? ವಿಗ್ರಹ ಏನೂ ಅಲ್ಲ ಅಂತ ಪೌಲನೇ ಹೇಳಿದಾನಲ್ವಾ?" ಅದೂ ಸರಿಯೇ.

ಎರಡು ಪಕ್ಷ ಆಗುವುದರಲ್ಲಿತ್ತು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಅಕ್ಕ ಮಾತಾಡಿದರು. ಅವರ ಗಂಡ ವಿಶ್ವಾಸಿ ಅಲ್ಲ. ಅತ್ತೆ ಮಾವ ಎಲ್ಲರೂ ಒಂದೇ ಮನೆಯಲ್ಲಿ. "ಅಣ್ಣಾ, ನಿಮ್ಮ ಮನೆಯಲ್ಲಿ ಎಲ್ಲರೂ ವಿಶ್ವಾಸಿಗಳು. ನಮ್ಮ ಮನೆಯಲ್ಲಿ ಬೆಳಿಗ್ಗೆ ಒಲೆ ಮೇಲಿಟ್ಟದ್ದೆಲ್ಲ ಮೊದಲು ದೇವರ ಕೋಣೆಗೆ ಹೋಗಿ ಆಮೇಲೆ ಬಾಳೆಲೆಗೆ ಬರ್ತದೆ. ಈ ನಿಯಮ ಮಾಡಿದರೆ ನಾನು ಊಟ ಎಲ್ಲಿ ಮಾಡಲಿ?" ಅಷ್ಟು ಹೇಳಿ ಕೂತರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಇಷ್ಟು ವರ್ಷ ಅವರು ಸಭೆಗೆ ಬರುತ್ತಿದ್ದರೂ ಯಾರೂ ಇದನ್ನು ಅವರ ಹತ್ತಿರ ಕೇಳಿರಲಿಲ್ಲ.

ಈ ಪ್ರಕರಣದ ಗಂಟು ಎಲ್ಲಿದೆ ಅಂತ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ. ವಿಶ್ವಾಸದಲ್ಲಿ ಎಡವುವುದು ಬೇರೆ, ಬೇಜಾರಾಗುವುದು ಬೇರೆ. ನಿವೃತ್ತ ಹಿರಿಯರು ತಾಂಡೇಲರಿಗೆ "ನೀನು ನನ್ನನ್ನು ಎಡವಿಸುತ್ತಿದ್ದೀಯ" ಅಂದರು. ಆದರೆ ತಾಂಡೇಲರು ತಿಂದದ್ದನ್ನು ನೋಡಿ ಅವರು ತಿನ್ನುವ ಪ್ರಶ್ನೆಯೇ ಇಲ್ಲ. ನೂರು ಜನ ತಿಂದರೂ ಅವರು ತಿನ್ನುವುದಿಲ್ಲ. ಅವರಿಗೆ ನೋವಾಗಿದೆ, ಅದು ನಿಜ, ಅದನ್ನು ಕೇಳಿಸಿಕೊಳ್ಳಬೇಕು. ಆದರೆ ಪೌಲನು ಬರೆದದ್ದು ಹುಡುಗನಂಥವರ ಬಗ್ಗೆ. ನೋಡಿ, ಅನುಸರಿಸಿ, ತನ್ನ ಮನಸ್ಸಾಕ್ಷಿಗೆ ವಿರೋಧವಾಗಿ ನಡೆದು ಒಳಗೆ ಮುರಿಯುವವರ ಬಗ್ಗೆ. ನಮ್ಮ ಸಭೆಗಳಲ್ಲಿ ಈ ಎರಡನ್ನು ಬೆರೆಸಿಬಿಡುತ್ತೇವೆ. ಯಾರಿಗೆ ಜಾಸ್ತಿ ಸಿಟ್ಟು ಬರುತ್ತದೋ ಅವರೇ ಬಲವಿಲ್ಲದವರು ಅಂತ ಆಗಿ, ಉಳಿದವರೆಲ್ಲ ಅವರ ಇಷ್ಟಕ್ಕೆ ತಕ್ಕ ಹಾಗೆ ನಡೆಯಬೇಕಾಗುತ್ತದೆ. ನಿಜವಾಗಿ ಬಲವಿಲ್ಲದವನು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರುತ್ತಾನೆ. ಅವನು ಎದ್ದು ನಿಂತು ನಿಯಮ ಕೇಳುವುದಿಲ್ಲ.

ತಾಂಡೇಲರ ಕಡೆಗೂ ಇದೇ ಅಳತೆ ಹಿಡಿಯಬೇಕು. ಕಾಯಿಯ ವಿಷಯದಲ್ಲಿ ಅವರು ಸರಿ. ಹುಡುಗನ ವಿಷಯದಲ್ಲಿ ಅಲ್ಲ. ಪಕ್ಕದಲ್ಲಿ ಯಾರು ನಿಂತಿದ್ದಾರೆ, ಅವನು ಎಲ್ಲಿಂದ ಬಂದವನು ಅಂತ ಅವರು ನೋಡಲಿಲ್ಲ. 1522ರಲ್ಲಿ ಜರ್ಮನಿಯ ವಿಟೆನ್‌ಬರ್ಗಿನಲ್ಲಿ ಆದದ್ದು ಇದೇ. ಚರ್ಚಿನ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಊರಲ್ಲಿ ಇಲ್ಲದಾಗ ಅವನ ಕಡೆಯವನಾದ ಕಾರ್ಲ್‌ಸ್ಟಾಟ್ ಮತ್ತು ಜೊತೆಗಾರರು ಸುಧಾರಣೆಗಳನ್ನು ಒಂದೇ ಏಟಿಗೆ ತಂದರು. ಹಳೆಯ ಪದ್ಧತಿಯವರು ಗಲಿಬಿಲಿಯಾದರು. ಲೂಥರ್ ವಾಪಸ್ ಬಂದು ಮಾರ್ಚ್ 9ರಿಂದ ಎಂಟು ದಿನ ಎಂಟು ಪ್ರಸಂಗ ಮಾಡಿದ. ಬದಲಾವಣೆಗಳಲ್ಲಿ ಹೆಚ್ಚಿನವು ಅವನಿಗೂ ಒಪ್ಪಿಗೆಯೇ, ಆದರೆ ಬಲವಿಲ್ಲದವರನ್ನು ಹಿಂದೆ ಬಿಟ್ಟು ಓಡಿದ್ದರಲ್ಲಿ ಪ್ರೀತಿ ಇಲ್ಲ ಅಂತ ಅವನ ವಾದ. ವಿಶ್ವಾಸವನ್ನು ಒತ್ತಾಯದಿಂದ ಹುಟ್ಟಿಸಲು ಆಗುವುದಿಲ್ಲ ಅಂತಲೂ ಹೇಳಿದ. ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ 1520ರಲ್ಲೇ ಪುಸ್ತಕ ಬರೆದವನು ಹೇಳಿದ ಮಾತಿದು.

ಇನ್ನು ನಿಯಮದ ಮಾತು. ನಿಯಮ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಮಗೆ ದೂರ ಹೋಗಬೇಕಿಲ್ಲ, ಕಾಳಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಗೋವಾ. ಅಲ್ಲಿ 1560ರಲ್ಲಿ ಪೋರ್ಚುಗೀಸರ ಧರ್ಮವಿಚಾರಣೆಯ ನ್ಯಾಯಾಲಯವಾದ ಇನ್‌ಕ್ವಿಸಿಷನ್ ಶುರುವಾಯಿತು. 1736ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ ಕ್ರೈಸ್ತರು ಅಂಗಳದಲ್ಲಿ ತುಳಸಿ ಬೆಳೆಸಬಾರದು, ಹಿಂದೂಗಳ ಹಾಗೆ ಉಪ್ಪು ಹಾಕದೆ ಅನ್ನ ಬೇಯಿಸಬಾರದು ಅಂತೆಲ್ಲ ಇತ್ತು. ಅನ್ನದ ಪಾತ್ರೆಯವರೆಗೂ ಬಂತು ನಿಯಮ! ನಮ್ಮ ಹಿರಿಯರ ಮನಸ್ಸಿನಲ್ಲಿ ಅಂಥ ಕ್ರೌರ್ಯ ಖಂಡಿತ ಇಲ್ಲ, ಆ ಹೋಲಿಕೆ ಅವರಿಗೆ ಅನ್ಯಾಯ. ನಾನು ಹೇಳುವುದು ಇಷ್ಟು: ಒಬ್ಬನ ಮನಸ್ಸಾಕ್ಷಿ ಇನ್ನೊಬ್ಬನಿಗೆ ಕಾನೂನಾದರೆ ಅದು ಅಡುಗೆ ಮನೆ ಹೊಕ್ಕೇ ಹೊಗುತ್ತದೆ. ಇಲ್ಲಿ ಮೊದಲು ಹೊಗುತ್ತಿದ್ದದ್ದು ಆ ಅಕ್ಕನ ಅಡುಗೆ ಮನೆ.

ಹಾಗಂತ ಹಿರಿಯರು ಓದಿದ ವಚನಗಳನ್ನು ಬಿಟ್ಟುಬಿಡುವುದಾ? ಇಲ್ಲ. ಇದರ ಮೇಲೇ ನಾವು ಜಾಸ್ತಿ ಹೊತ್ತು ಕೂತೆವು. ಯೆರೂಸಲೇಮಿನ ಪತ್ರವನ್ನು ಅಂತಿಯೋಕ್ಯಕ್ಕೆ ಒಯ್ದವರಲ್ಲಿ ಪೌಲನೂ ಒಬ್ಬ. ಅದಾದ ಮೇಲೂ ಅವನು ಕೊರಿಂಥದವರಿಗೆ ಹತ್ತನೆಯ ಅಧ್ಯಾಯದಲ್ಲಿ ಮೂರು ಸನ್ನಿವೇಶ ಬಿಡಿಸಿ ಹೇಳುತ್ತಾನೆ. ವಿಗ್ರಹದ ಆರಾಧನೆಯ ಪಂಕ್ತಿಯಲ್ಲೇ ಪಾಲು ತೆಗೆದುಕೊಳ್ಳುವುದು ಕೂಡದು, ಕರ್ತನ ಮೇಜೂ ಅದೂ ಒಟ್ಟಿಗೆ ಆಗದು. ಅವಿಶ್ವಾಸಿಯೊಬ್ಬ ಮನೆಗೆ ಊಟಕ್ಕೆ ಕರೆದರೆ ಬಡಿಸಿದ್ದನ್ನು ಏನೂ ವಿಚಾರಿಸದೆ ತಿನ್ನು. ಯಾರಾದರೂ ಇದು ಬಲಿಗೆ ಒಪ್ಪಿಸಿದ್ದು ಅಂತ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಗೋಸ್ಕರ ತಿನ್ನಬೇಡ. ಅಕ್ಕನ ಮನೆ ಎರಡನೆಯದಕ್ಕೆ ಹತ್ತಿರ ಅಂತ ಹೆಚ್ಚಿನವರು ಒಪ್ಪಿದರು. ಬೋಟು? ಅದು ಮನೆಯೂ ಅಲ್ಲ, ಗುಡಿಯೂ ಅಲ್ಲ. ದುಡಿಯುವ ಜಾಗ. ಪೂಜೆ ಕಣ್ಣೆದುರೇ ನಡೆಯುತ್ತದೆ, ಚೂರು ಎಲ್ಲಿಂದ ಬಂತು ಅಂತ ಕೇಳುವ ಅಗತ್ಯವೇ ಇಲ್ಲ. ಹಾಗಾಗಿ ಬೋಟಿನ ವಿಷಯದಲ್ಲಿ ಪ್ರಾಮಾಣಿಕವಾಗಿ ಓದುವ ಇಬ್ಬರು ವಿಶ್ವಾಸಿಗಳು ಎರಡು ದಿಕ್ಕಿಗೆ ಹೋಗಬಹುದು ಅಂತ ನನಗೆ ಅನ್ನಿಸುತ್ತದೆ. ನನ್ನನ್ನೇ ಕೇಳಿದರೆ, ನಾನು ಆ ಬೋಟಿನಲ್ಲಿದ್ದರೆ ವಿನಯದಿಂದ ಬೇಡ ಅನ್ನುತ್ತಿದ್ದೆ. ಆದರೆ ಅದನ್ನು ತಾಂಡೇಲರ ಮೇಲೆ ಹೇರುವ ಅಧಿಕಾರ ನನಗಿಲ್ಲ.

ಇಷ್ಟಾದ ಮೇಲೆ ಸಭಾಪಾಲಕರು ಒಂದು ಒಳ್ಳೆಯ ಕೆಲಸ ಮಾಡಿದರು. ತಿನ್ನಬೇಕಾ ಬೇಡವಾ ಅನ್ನುವ ಚರ್ಚೆ ನಿಲ್ಲಿಸಿ, ಪ್ರತಿಯೊಬ್ಬರೂ ತಾವು ಯಾಕೆ ತಿಂದಿರಿ ಅಥವಾ ಯಾಕೆ ತಿನ್ನಲಿಲ್ಲ ಅಂತ ಮಾತ್ರ ಹೇಳಿ ಅಂದರು. ಬೇರೆಯವರ ಬಗ್ಗೆ ಒಂದು ಮಾತೂ ಬೇಡ. ರೋಮಾಪುರದವರಿಗೆ ಬರೆದ ಪತ್ರದ ಹದಿನಾಲ್ಕನೆಯ ಅಧ್ಯಾಯ ಅದನ್ನೇ ಕೇಳುತ್ತದೆ. ತಿನ್ನುವವನು ಕರ್ತನಿಗಾಗಿ ತಿನ್ನುತ್ತಾನೆ, ದೇವರಿಗೆ ಸ್ತೋತ್ರ ಹೇಳುತ್ತಾನೆ. ತಿನ್ನದವನು ಕರ್ತನಿಗಾಗಿ ಬಿಡುತ್ತಾನೆ, ಅವನೂ ಸ್ತೋತ್ರ ಹೇಳುತ್ತಾನೆ. ಎರಡೂ ಕಡೆ ಸ್ತೋತ್ರ ಇದೆ.

ತಾಂಡೇಲರು ಮೊದಲು ಸಾವ್ಕಾರರ ಪ್ರೀತಿಯ ಮಾತು ಹೇಳಿದರು. ಸ್ವಲ್ಪ ಸುಮ್ಮನಿದ್ದು ಇನ್ನೊಂದನ್ನೂ ಹೇಳಿದರು. ಬೇಡ ಅಂದರೆ ಮುಂದಿನ ಸೀಸನ್‌ಗೆ ಬೇರೆ ತಾಂಡೇಲನನ್ನು ನೋಡಿಕೊಂಡಾರು ಅನ್ನುವ ಹೆದರಿಕೆಯೂ ಇತ್ತು ಅಂತ. ಅದನ್ನು ಅವರು ಯಾರ ಒತ್ತಾಯವೂ ಇಲ್ಲದೆ ಹೇಳಿದ್ದು. ಅಕ್ಕ, ಅತ್ತೆಯ ಕೈಯಡುಗೆ ಬೇಡ ಅಂದರೆ ಯೇಸುವಿನ ಹೆಸರು ಆ ಮನೆಯಲ್ಲಿ ಜಗಳದ ಹೆಸರಾಗುತ್ತದೆ, ಅದಕ್ಕೇ ಪ್ರಾರ್ಥನೆ ಮಾಡಿ ಉಣ್ಣುತ್ತೇನೆ ಅಂದರು. ನಿವೃತ್ತ ಹಿರಿಯರು ತಾಯಿಯ ಕೊನೆಯ ದಿನದ ಕಥೆ ಹೇಳಿದರು, ಅವತ್ತೂ ಕರ್ತನಿಗಾಗಿ ನಿಂತೆ ಅಂದರು. ಅವರ ಮಾತಿನಲ್ಲಿ ಸ್ತೋತ್ರ ಇತ್ತು, ಸಂಶಯವೇ ಇಲ್ಲ.

ಹುಡುಗ ಹೇಳಿದ್ದು: ಎಲ್ಲರೂ ನೋಡ್ತಿದ್ದರು ಅಂತ ತಿಂದೆ. ತಿನ್ನುವಾಗ ದೇವರಿಗೆ ಸ್ತೋತ್ರ ಹೇಳಲು ಬಾಯಿ ಬರಲಿಲ್ಲ.

ಪೌಲನು ಆ ಅಧ್ಯಾಯ ಮುಗಿಸುವುದು ಇಲ್ಲಿಯೇ. ಸಂಶಯಪಡುತ್ತಾ ತಿಂದವನು ವಿಶ್ವಾಸದಿಂದ ತಿನ್ನಲಿಲ್ಲ, ವಿಶ್ವಾಸದಿಂದ ಹುಟ್ಟದ್ದೆಲ್ಲ ಪಾಪ. ಒಂದೇ ಬೋಟು, ಒಂದೇ ಕಾಯಿ, ಒಂದೇ ದಿನ. ಒಬ್ಬರಿಗೆ ತಪ್ಪಲ್ಲದ್ದು ಇನ್ನೊಬ್ಬನಿಗೆ ತಪ್ಪಾಯಿತು, ಯಾಕೆಂದರೆ ಅದು ಹೊರಟ ಜಾಗ ಬೇರೆ. ನಿಯಮದಿಂದ ಹುಡುಗನನ್ನು ಕಾಪಾಡಲು ಆಗುತ್ತಿರಲಿಲ್ಲ ಅಂತ ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. ಬೋಟಿನವರು ನೋಡುತ್ತಾರೆ ಅಂತ ತಿಂದವನು ನಿಯಮ ಬಂದರೆ ಸಭೆಯವರು ನೋಡುತ್ತಾರೆ ಅಂತ ಬಿಡುತ್ತಿದ್ದ. ಭಯ ಅಲ್ಲೇ ಇರುತ್ತಿತ್ತು.

ಕೊನೆಗೆ ನಿಯಮ ಮಾಡಲಿಲ್ಲ. ಆದರೆ ಸುಮ್ಮನೆ ಎದ್ದೂ ಬರಲಿಲ್ಲ. ತಾಂಡೇಲರು ತಾವಾಗಿಯೇ, ಈ ಹುಡುಗ ನನ್ನ ಬೋಟಿನಲ್ಲಿ ಇರುವವರೆಗೆ ನಾನು ಚೂರು ಮುಟ್ಟುವುದಿಲ್ಲ ಅಂದರು. ಯಾರೂ ಕೇಳದೆ ಬಂದ ಮಾತಾದ್ದರಿಂದಲೇ ಅದಕ್ಕೆ ತೂಕ ಬಂತು. ಯುವಕರಲ್ಲಿ ಒಬ್ಬ, ಹುಡುಗನಿಗೆ ಎಲ್ಲರೆದುರು ಒಂದು ಸಲ ತಿನ್ನಿಸಿದರೆ ಭಯ ಬಿಟ್ಟುಹೋಗುತ್ತದೆ ಅಂತ ಸಲಹೆ ಕೊಟ್ಟ. ಸಭಾಪಾಲಕರು ಅದನ್ನು ಅಲ್ಲೇ ನಿಲ್ಲಿಸಿದರು. ಮನಸ್ಸಾಕ್ಷಿಯನ್ನು ಹಾಗೆ ತಳ್ಳಿದರೆ ಅದು ಬಲವಾಗುವುದಿಲ್ಲ, ಮರಗಟ್ಟುತ್ತದೆ. ಅದರ ಬದಲು ತಾಂಡೇಲರೂ ಹುಡುಗನೂ ವಾರಕ್ಕೊಮ್ಮೆ ಕೂತು ಸಮುದ್ರದ ಬಗ್ಗೆ ಬೈಬಲ್ ಏನು ಹೇಳುತ್ತದೆ ಅಂತ ಓದತೊಡಗಿದರು. ಸಮುದ್ರ ಆತನದು, ಆತನೇ ಅದನ್ನು ಮಾಡಿದ ಅನ್ನುವ ತೊಂಬತ್ತೈದನೆಯ ಕೀರ್ತನೆ. ಯೇಸು ದೋಣಿಯಲ್ಲಿ ನಿದ್ದೆ ಮಾಡಿ ಎದ್ದು ಗಾಳಿಯನ್ನು ಗದರಿಸಿದ ಭಾಗ. ಬಿರುಗಾಳಿಯಲ್ಲಿ ಬೋಟು ನಡೆಸಿದವರ ಬಾಯಿಂದ ಅದನ್ನು ಕೇಳುವುದೇ ಬೇರೆ.

ಮುಂದಿನ ಸೀಸನ್ನಿಗೆ ಮುಂಚೆ ತಾಂಡೇಲರು ಸಾವ್ಕಾರರ ಮನೆಗೆ ಹೋಗಿ ವಿಷಯ ಬಿಚ್ಚಿ ಹೇಳಿದರು. ಪೂಜೆಯ ಹೊತ್ತಿಗೆ ಹಠ ಮಾಡಿದ ಹಾಗೆ ಆಗಬಾರದು, ಮುಂಚೆಯೇ ಗೊತ್ತಿರಲಿ ಅಂತ. ಸಾವ್ಕಾರರು ಮೊದಲು ಮುಖ ಸಣ್ಣ ಮಾಡಿದರಂತೆ. ಆಮೇಲೆ, "ನಿನ್ನ ದೇವರ ಹತ್ತಿರ ಬೋಟಿಗಾಗಿ ಕೇಳ್ತೀಯಲ್ಲ, ಸಾಕು" ಅಂದರಂತೆ. ಹೆದರಿದ್ದು ಆಗಲಿಲ್ಲ, ಕೆಲಸ ಉಳಿಯಿತು. ಹುಡುಗನಿಗೆ ಅಷ್ಟು ಸಲೀಸಾಗಲಿಲ್ಲ. ತಾಂಡೇಲನಿಗೆ ಇರುವ ಮರ್ಯಾದೆ ಬಲೆ ಎಳೆಯುವ ಹುಡುಗನಿಗೆ ಎಲ್ಲಿಂದ ಬರಬೇಕು? ಬಲೆ ಖಾಲಿ ಬಂದ ದಿನ ಜೊತೆಯವರಲ್ಲಿ ಕೆಲವರು ಇವನ ಕಡೆ ನೋಡಿ ಗೊಣಗಿದರು. ಸೀಸನ್ ಮುಗಿಯುವ ಮುಂಚೆಯೇ ಅವನು ಐಸ್ ಫ್ಯಾಕ್ಟರಿಯ ಕೆಲಸಕ್ಕೆ ಸೇರಿದ. ಸಂಬಳ ಖಾತ್ರಿ ಅಂತ ಅವನು ಹೇಳುತ್ತಾನೆ. ಪ್ರಾರ್ಥನಾ ಕೂಟಕ್ಕೆ ಬರುತ್ತಾನೆ, ಕರ್ತನ ಭೋಜನ ತೆಗೆದುಕೊಳ್ಳುತ್ತಾನೆ.

ನಿವೃತ್ತ ಹಿರಿಯರು ಕೆಲವು ತಿಂಗಳು ಬರಲಿಲ್ಲ, ಈಗ ಬರುತ್ತಿದ್ದಾರೆ. ನಿಯಮ ಬೇಕಿತ್ತು ಅನ್ನುವ ಅಭಿಪ್ರಾಯ ಬಿಟ್ಟಿಲ್ಲ. ಅವರ ಹತ್ತಿರ ನಾವು ಬಿಡಿ ಅಂತ ಕೇಳಿಯೂ ಇಲ್ಲ. ನನಗೆ ಇನ್ನೂ ನೋಯುವುದು ಅಕ್ಕನ ವಿಷಯ. ಅವರ ಮಾತು ಕೇಳಿ ಅವತ್ತು ಎಲ್ಲರೂ ತಲೆ ತಗ್ಗಿಸಿದ್ದೆವು. ಆದರೂ ಅವರ ಮನೆಗೆ ಹೋದರೆ ಚಹಾ ಬೇಡ ಅನ್ನುವವರು ಸಭೆಯಲ್ಲಿ ಒಂದಿಬ್ಬರು ಇದ್ದಾರೆ. ಅವರ ಮನಸ್ಸಾಕ್ಷಿ ಚಹಾಕ್ಕೂ ಅಡ್ಡ ಬರುತ್ತದೆ ಅಂದರೆ ಅದು ಅವರದು, ಒಪ್ಪುತ್ತೇನೆ. ಆದರೆ ಬೇಡ ಅನ್ನುವಾಗ ಅವಳು ಎರಡನೇ ದರ್ಜೆಯ ವಿಶ್ವಾಸಿ ಅನ್ನುವ ಮುಖ ಮಾಡುತ್ತಾರಲ್ಲ, ಅದನ್ನು ಪೌಲನು ರೋಮಾಪುರದವರಿಗೆ ಬರೆದ ಅದೇ ಅಧ್ಯಾಯದಲ್ಲಿ ನೇರವಾಗಿ ಕೇಳಿದ್ದಾನೆ: ಬೇರೊಬ್ಬನ ಸೇವಕನ ಬಗ್ಗೆ ತೀರ್ಪು ಮಾಡಲು ನೀನು ಯಾರು?

ಈಗ ಹುಡುಗ ಬೋಟಿನಲ್ಲಿ ಇಲ್ಲ. ಹಾಗಾದರೆ ನಾನು ಕೊಟ್ಟ ಮಾತು ಮುಗಿಯಿತಾ ಅಂತ ತಾಂಡೇಲರು ಒಂದು ಸಲ ಕೇಳಿದರು. ಮುಗಿಯಿತು, ನೀವು ಸ್ವತಂತ್ರರು ಅಂದೆ. ಅವರು, ಹೊಸ ಸೀಸನ್ನಿಗೆ ಯಾರ್ಯಾರು ಬೋಟಿಗೆ ಬರುತ್ತಾರೆ ಅಂತ ಮೊದಲು ನೋಡುತ್ತೇನೆ ಅಂದರು.